ದೇವೀರಮ್ಮನ ಆಸ್ಪತ್ರೆ ಫ್ಲಾಸ್ಕು

"ಯಾರ್ರೀ ಈ ಪೇಷೆಂಟಿಗೆ ಕಾಫಿ ಕೊಟ್ಟೋರು? ಬೆಳಿಗ್ಗೆ ಒಂದು ಗುಟುಕೂ ಏನೂ ಕೊಡ್ಬೇಡಿ ಅಂತ ನಿನ್ನೆಯಿಂದ ಬಡ್ಕೊಂಡಿದೀನಿ. ನಿಮ್ಗೆ ಕಿವಿ ಇಲ್ವಾ?"

"ಕೊಟ್ಟೋಳು ನಾನೇ ಕಣಮ್ಮ, ಏನೀಗ? ಬರೀ ಹೊಟ್ಟೇಲಿ ಕುತ್ತಿಗೆ ಕೊಯ್ಸ್ಕೊಳಕ್ಕೆ ನನ್ನ ಸೊಸೆ ಏನು ಕುರಿನಾ? ಕುರಿಗಾದ್ರೂ ಒಂದಿಡಿ ಸೊಪ್ಪು ಹಾಕಿ ಕಡೀತಾರೆ."

ಮೊದಲು ಕೂಗಿದವರು ವಾರ್ಡಿನ ಸಿಸ್ಟರ್ ಫಿಲೋಮಿನಾ. ತಿರುಗಿ ಕೂಗಿದವಳು ನನ್ನ ಒಡತಿ ದೇವೀರಮ್ಮ. ನಡುವೆ ಸ್ಟ್ರೆಚರ್ ಮೇಲೆ ಹಸಿರು ಗೌನು ತೊಟ್ಟು ಮಲಗಿದ್ದವಳು ಸೊಸೆ ಜಯಶೀಲ. ಜಗಳಕ್ಕೆ ಕಾರಣವಾದ ಕಾಫಿ ಬಂದದ್ದು ನನ್ನ ಹೊಟ್ಟೆಯಿಂದ. ನಾನು ಒಂದು ಫ್ಲಾಸ್ಕು. ಬಿಸಿ ಕಾಯುವುದಷ್ಟೇ ನನ್ನ ಕೆಲಸ. ಯಾರು ಯಾವಾಗ ಕುಡಿಯಬೇಕೆಂಬ ಉಸಾಬರಿ ನನ್ನದಲ್ಲ. ತಪ್ಪನ್ನು ನನ್ನ ತಲೆಗೆ ಕಟ್ಟಲು ಬಂದವರಿಗೆ ನಾನು ಇಷ್ಟೇ ಹೇಳುತ್ತೇನೆ.

ನಾನು ಹುಟ್ಟಿದ್ದು ಕಾರ್ಖಾನೆಯಲ್ಲಿ. ಒಂದು ಗಾಜಿನೊಳಗೆ ಇನ್ನೊಂದು ಗಾಜನ್ನಿಟ್ಟು, ನಡುವಿನ ಗಾಳಿಯನ್ನೆಲ್ಲ ಎಳೆದು ಬೆಸೆದರು. ಹೊರಗೆ ಹಸಿರು ತಗಡಿನ ಅಂಗಿ, ತಲೆಗೆ ಲೋಟದಂಥ ಟೋಪಿ. ಅರಸೀಕೆರೆಯ ಪಾತ್ರೆ ಅಂಗಡಿಯಲ್ಲಿ ನನ್ನನ್ನು ಕೊಂಡವನು ದೇವೀರಮ್ಮನ ಗಂಡ, ಲಾರಿ ಡ್ರೈವರ್ ಮುದ್ದಯ್ಯ. ಅವನ ಸೀಟಿನ ಪಕ್ಕದಲ್ಲಿ ಕುಳಿತು ನಾನು ಎಷ್ಟು ಘಟ್ಟ ಇಳಿದೆನೋ. ಬ್ರೇಕು ಹಾಕಿದಾಗಲೆಲ್ಲ ಅವನ ಎಡಗೈ ಮೊದಲು ನನ್ನನ್ನು ಹಿಡಿಯುತ್ತಿತ್ತು, ಆಮೇಲೆ ಗೇರನ್ನು. ಆದರೂ ಒಂದು ಸಲ ಬಿದ್ದೆ. ಒಳಗಿನ ಗಾಜು ಪುಡಿಯಾಯಿತು. ಬೇರೆಯವರಾಗಿದ್ದರೆ ಗುಜರಿಗೆ ಹಾಕುತ್ತಿದ್ದರು. ಅವನು ಹುಡುಕಾಡಿ ಹೊಸ ಗಾಜು ತಂದು ಹಾಕಿಸಿದ. ಅಂಥ ಜನ ಈಗ ಎಲ್ಲಿ?

ಮುದ್ದಯ್ಯ ತೀರಿಹೋದ ಮೇಲೆ ನಾನು ದೇವೀರಮ್ಮನ ಕೈಸೇರಿದೆ. ಬೀದಿಯಲ್ಲಿ ಯಾವ ಹೆಣ್ಣಿಗೆ ಹೆರಿಗೆ ನೋವು ಕಾಣಿಸಿದರೂ ಆಸ್ಪತ್ರೆಗೆ ಜೊತೆಗೆ ಹೋಗುವವಳು ಅವಳು, ಅವಳ ಕಂಕುಳಲ್ಲಿ ನಾನು. ನೋವು ತಿನ್ನುವವಳ ಬಾಯಿಗೆ ಬಿಸಿ ಕಾಫಿ ಬಿಟ್ಟು, "ಕುಡಿಯೇ, ಶಕ್ತಿ ಬರ್ತದೆ" ಎನ್ನುತ್ತಿದ್ದಳು. ಮಗುವಿನ ಅಳು ಕೇಳಿಸಿದ ಮೇಲೆ ಉಳಿದದ್ದನ್ನು ತಾನು ಕುಡಿಯುತ್ತಿದ್ದಳು. "ದೇವೀರಮ್ಮ ಫ್ಲಾಸ್ಕು ತಂದ್ಲಾ? ಹಂಗಾದ್ರೆ ಹೆದರಿಕೆ ಇಲ್ಲ ಬಿಡಿ" ಎಂದು ಜನ ಹೇಳುವಾಗ ನನ್ನ ತಗಡೂ ಬೆಚ್ಚಗಾಗುತ್ತಿತ್ತು. ಆ ದಿನಗಳನ್ನು ನೆನೆದರೆ ಈಗಲೂ ನನಗೆ ಹಾಲು ಉಕ್ಕುವ ವಾಸನೆ ಬರುತ್ತದೆ.

ಜಯಶೀಲ ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಿದ್ದಳು. ಅವಳು ಮೇಲಿನ ಬೀದಿಯಲ್ಲಿ "ಬದ್ನೇಕಾಯ್, ಟೊಮೇಟೋ" ಎಂದರೆ ಕೆರೆ ಏರಿಯ ಹೆಂಗಸರು ಚೀಲ ಹುಡುಕುತ್ತಿದ್ದರು. ಅಂಥ ಗಂಟಲಿನ ಮುಂದೆ ಗಂಟೊಂದು ಎದ್ದಿತು. ನಿಂಬೆಕಾಯಿಯಷ್ಟಿದ್ದದ್ದು ಮಾವಿನಕಾಯಿಯಷ್ಟಾಯಿತು. ಮಲಗಿದರೆ ಉಸಿರು ಕಟ್ಟಿ, ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದಳು. ಸುಮ್ಮನೆ ಕುಳಿತರೂ ಎದೆ ಓಡಿಬಂದವರಂತೆ ಬಡಿದುಕೊಳ್ಳುತ್ತಿತ್ತು.

ದೊಡ್ಡಾಸ್ಪತ್ರೆಯ ಡಾಕ್ಟರು ಥೈರಾಯ್ಡ್ ಗ್ರಂಥಿ ಕೆಟ್ಟಿದೆ, ತೆಗೆಯಬೇಕು ಎಂದರು. ಆದರೆ ತಕ್ಷಣ ಆಗದು, ಮೊದಲು ಮಾತ್ರೆ ತಿಂದು ರಕ್ತದಲ್ಲಿನ ಥೈರಾಯ್ಡ್ ಮಟ್ಟ ಹತೋಟಿಗೆ ಬರಬೇಕು, ಇಲ್ಲದಿದ್ದರೆ ಆಪರೇಷನ್ ಹೊತ್ತಿಗೆ ಜೀವಕ್ಕೇ ಕುತ್ತು ಎಂದರು. ಬೇರೆ ಏನೇನು ಔಷಧಿ ತಿನ್ನುತ್ತೀಯ ಎಂದು ಕೇಳಿದರು. ದೇವೀರಮ್ಮ ತರಿಸಿಕೊಟ್ಟಿದ್ದ ನಾಟಿ ಬೇರಿನ ಪುಡಿಯ ವಿಷಯವನ್ನು ಜಯಶೀಲ ಮುಚ್ಚಿಡದೆ ಹೇಳಿದಳು. ಅದನ್ನು ನಿಲ್ಲಿಸಲು ಹೇಳಿದರು. ದನಿ ಹೊರಡಿಸುವ ಸ್ವರತಂತುಗಳು ಸರಿಯಾಗಿವೆಯೇ ಎಂದು ಮೂಗಿನಿಂದ ಸಣ್ಣ ಕೊಳವೆ ಬಿಟ್ಟು ನೋಡಿದರು. ಆಗ ಅವಳು ಕೇಳಿದ್ದು ಒಂದೇ: "ಕೂಗಿ ಮಾರೋ ಗಂಟ್ಲು ಡಾಕ್ಟ್ರೇ. ದನಿ ಉಳೀತದಾ?" ಡಾಕ್ಟರು ಸುಳ್ಳು ಹೇಳಲಿಲ್ಲ. ಸಾಮಾನ್ಯವಾಗಿ ಉಳಿಯುತ್ತದೆ, ಕೆಲವು ದಿನ ಒಡಕಾಗಬಹುದು, ಅಪರೂಪಕ್ಕೆ ಆ ಒಡಕು ಹಾಗೇ ಉಳಿಯಬಹುದು ಎಂದರು. ಅವಳು ತಿಂಗಳುಗಟ್ಟಲೆ ತಪ್ಪದೆ ಮಾತ್ರೆ ನುಂಗಿದಳು. ಆಪರೇಷನ್ನಿಗೆ ದಿನ ಸಿಕ್ಕಿತು.

ಆ ದಿನ ಬೆಳಿಗ್ಗೆ ಸಿಸ್ಟರ್ ಅತ್ತ ಹೋದದ್ದೇ ತಡ, ದೇವೀರಮ್ಮ ನನ್ನ ಮುಚ್ಚಳ ತಿರುಗಿಸಿದಳು. ಶುಭಕಾರ್ಯಕ್ಕೆ ಹೊರಟವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದ ಮನೆತನ ಅವಳದ್ದಲ್ಲ. ಹೆರಿಗೆಗೆ ಆಗಿಬಂದದ್ದು ಇದಕ್ಕೂ ಆಗುತ್ತದೆ ಎಂಬುದು ಅವಳ ಲೆಕ್ಕ. ಜಯಶೀಲ ಬೇಡ ಎಂದಳು. ಅತ್ತೆ ಗದರಿದ ಮೇಲೆ ಕುಡಿದಳು. ಯಾರಾದರೂ ಕೇಳಿದರೆ ಇಲ್ಲ ಅಂದುಬಿಡು ಎಂದು ದೇವೀರಮ್ಮ ಹೇಳಿಯೂ ಕೊಟ್ಟಳು.

ಥಿಯೇಟರಿನ ಬಾಗಿಲಲ್ಲಿ ಅರಿವಳಿಕೆ ಡಾಕ್ಟರು, ಬೆಳಿಗ್ಗೆ ಏನಾದರೂ ತಿಂದೆಯಾ ಕುಡಿದೆಯಾ ಎಂದು ಕೇಳಿಯೇ ಕೇಳಿದರು. ಜಯಶೀಲ ಅತ್ತೆಯ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಅತ್ತೆಯ ಮಾತು ಮೀರಿದವಳಲ್ಲ. ಆಮೇಲೆ ಡಾಕ್ಟರ ಕಡೆ ತಿರುಗಿದಳು.

"ಕುಡ್ದಿದೀನಿ. ಒಂದ್ ಲೋಟ, ಹಾಲಿನ ಕಾಫಿ."

ಮೊದಲಿಗೆ ಹೇಳಿದ ಜಗಳ ಎದ್ದದ್ದು ಆಗ. ಕುರಿಯ ಮಾತು ಕೇಳಿ ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅರಿವಳಿಕೆ ಡಾಕ್ಟರು ಮಾತ್ರ ಕೂಗಲಿಲ್ಲ. ಹತ್ತಿರ ಬಂದು ನಿಂತು, "ಅಜ್ಜಿ, ಇವರಿಗೆ ನಾವು ಎಚ್ಚರ ತಪ್ಪಿಸ್ತೀವಿ. ಆಗ ಹೊಟ್ಟೇಲಿರೋದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತೆ. ಇವರು ಇಲ್ಲ ಅಂದಿದ್ರೆ ನಾನು ನಂಬ್ತಿದ್ದೆ. ಜೀವಂತ ವಾಪಸ್ ಕೊಡ್ತಿದ್ನೋ ಇಲ್ವೋ, ಗೊತ್ತಿಲ್ಲ" ಎಂದರು.

ದೇವೀರಮ್ಮ ನನ್ನ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದಳು. ಆಪರೇಷನ್ ಮುಂದಕ್ಕೆ ಹೋಯಿತು. ಊರಿಗೆ ಬರುವ ಬಸ್ಸಿನಲ್ಲಿ ಅವಳು ನನ್ನನ್ನು ಕಾಲ ಬಳಿ ಇಟ್ಟುಕೊಂಡಳು, ಮಡಿಲಲ್ಲಿ ಅಲ್ಲ.

ಎರಡನೆಯ ಸಲ ನನ್ನನ್ನು ತೊಳೆದು ಖಾಲಿಯಾಗಿಯೇ ತಂದಳು. ಸಿಸ್ಟರ್ ಫಿಲೋಮಿನಾ ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿದ್ದಳು. ಸೊಸೆಯ ಉಗುರಿನ ಬಣ್ಣವನ್ನು ತಾನೇ ಒರೆಸಿದಳು. ತಾಳಿ, ಕಾಲುಂಗುರ ಬಿಚ್ಚಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಡಾಕ್ಟರು ಹೇಳಿದ್ದ ಬೆಳಿಗ್ಗೆಯ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಿಸಲು ಸಿಸ್ಟರೇ ಬಂದರು. ಎಳನೀರು ಹಿಡಿದು ಬಂದ ನಂಟನೊಬ್ಬನನ್ನು ದೇವೀರಮ್ಮ, "ಅವಳನ್ನ ಕೊಲ್ಲಕ್ಕೆ ಬಂದ್ಯಾ? ಆಚೆ ಹೋಗಿ ನೀನೇ ಕುಡಿ" ಎಂದು ಮೆಟ್ಟಿಲವರೆಗೆ ಅಟ್ಟಿದಳು. ಆಮೇಲೆ ಬೆಂಚಿನ ಮೇಲೆ ಕುಳಿತಳು. ಸೊಸೆಯ ಹೊಟ್ಟೆ ಖಾಲಿ, ನನ್ನ ಹೊಟ್ಟೆ ಖಾಲಿ. ಅವಳೂ ನೀರು ಮುಟ್ಟಲಿಲ್ಲ.

ಮಧ್ಯಾಹ್ನ ಜಯಶೀಲಳಿಗೆ ಎಚ್ಚರವಾಯಿತು. ಡಾಕ್ಟರು ಏನಾದರೂ ಮಾತಾಡು ಎಂದರು. ದೇವೀರಮ್ಮ ಮಂಚದ ಕಂಬಿ ಹಿಡಿದು ನಿಂತಳು.

"ಅತ್ತೆ," ಎಂದಿತು ಒಡಕು ದನಿ, "ಮನೇಲಿ ಟೊಮೇಟೊ ಕೊಳ್ತೋಯ್ತದೆ. ಮಾರ್ಬಿಡಿ."

ನಗಬೇಕೋ ಅಳಬೇಕೋ ತಿಳಿಯದೆ ದೇವೀರಮ್ಮ ಸೆರಗಿನ ಗಂಟನ್ನು ಬಿಚ್ಚತೊಡಗಿದಳು.

ಈಗ ನಾನು ಈ ವಾರ್ಡಿನ ಕಿಟಕಿಯ ಕಟ್ಟೆಯ ಮೇಲಿದ್ದೇನೆ. ತಗಡು ತುಕ್ಕು ಹಿಡಿದಿದೆ, ಬಿರಡೆ ಸಡಿಲವಾಗಿದೆ. ಯಾರ್ಯಾರೋ ಬಿಸಿನೀರು ತುಂಬುತ್ತಾರೆ, ಅರ್ಧ ಗಂಟೆಯಲ್ಲಿ ಉಗುರುಬೆಚ್ಚಗಾಗುತ್ತದೆ. ಹೊಸ ಸ್ಟೀಲ್ ಫ್ಲಾಸ್ಕುಗಳು ನನ್ನನ್ನು ನೋಡಿ ನಗಬಹುದು, ನಗಲಿ. ಬಿದ್ದರೂ ಒಡೆಯದವರಿಗೆ ಹಿಡಿದುಕೊಳ್ಳುವ ಕೈಯ ಬೆಲೆ ತಿಳಿಯದು.

ನಾನು ಇಲ್ಲಿ ಉಳಿದದ್ದು ಜಯಶೀಲ ಮನೆಗೆ ಹೊರಟ ದಿನ. ಪಕ್ಕದ ಮಂಚದ ಹುಡುಗಿಗೂ ಅದೇ ಆಪರೇಷನ್ ಇತ್ತು. ಅವಳ ತಾಯಿ ಬೆಪ್ಪಾಗಿ ಕುಳಿತಿದ್ದಳು; ಆಮೇಲೆ ಮನೆಗೆ ಹೋಗುವಾಗ ನನ್ನನ್ನು ಈ ಕಟ್ಟೆಯ ಮೇಲೆ ಬಿಟ್ಟುಹೋದವಳು ಅವಳೇ. ದೇವೀರಮ್ಮ ನನ್ನನ್ನು ಅವಳ ಮಡಿಲಲ್ಲಿಟ್ಟು, "ಡಾಕ್ಟ್ರು ಕೊಡು ಅನ್ನೋವರ್ಗೂ ಇದ್ರ ಮುಚ್ಚಳ ಮುಟ್ಬೇಡ" ಎಂದಳು.

ಮಗ ನಿಂಗರಾಜು ತಡೆದ. "ಯಾಕವ್ವ? ಅಪ್ಪನ ಫ್ಲಾಸ್ಕಲ್ವಾ ಅದು?"

"ಹೆರಿಗೆ ನೋಡಿದ್ದೆ, ಎಲ್ಲಾ ಗೊತ್ತು ಅಂದ್ಕೊಂಡಿದ್ದೆ. ಇನ್ನು ಯಾರ ಜೊತೇಲೂ ಆಸ್ಪತ್ರೆಗೆ ಬರಾಕಿಲ್ಲ ಕಣಪ್ಪ."

ಕೈ ಬೀಸಿಕೊಂಡು ನಡೆದಳು. ಕಂಕುಳಲ್ಲಿ ಏನೂ ಇಲ್ಲದೆ ಅವಳು ನಡೆಯುವುದನ್ನು ನಾನು ನೋಡಿದ್ದು ಅದೇ ಮೊದಲು. ಬಾಗಿಲು ದಾಟಿದಳು. ಮತ್ತೆ ಈ ಕಡೆ ಬರಲಿಲ್ಲ.