ಸರಿಯದ ಚುಕ್ಕೆ

ನನ್ನ ತಂಗಿ ಕಂಡುಹಿಡಿದ ನಕ್ಷತ್ರ ನಕ್ಷತ್ರವೇ ಅಲ್ಲ ಎಂದು ಮೊದಲು ತಿಳಿದದ್ದು ನನಗೆ. ನಾನು ಕಲಿತದ್ದು ಹಳ್ಳಿಯ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಅವಳು ಒಂಬತ್ತು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದಳು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಆ ದಿನ ಅವಳ ಲ್ಯಾಪ್‌ಟಾಪಿನ ಹತ್ತಿರ ಹೋಗದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನಿಸಿದೆ.

ನನ್ನ ಹೆಸರು ಪಾರ್ಶ್ವ. ಬೆಳಗಾವಿಯಿಂದ ಲೋಂಡಾದವರೆಗಿನ ವಿದ್ಯುತ್ ಸಬ್‌ಸ್ಟೇಷನ್ನುಗಳಲ್ಲಿ ಥರ್ಮಲ್ ಕ್ಯಾಮೆರಾ ಹಿಡಿದು ಸುತ್ತುವುದು ನನ್ನ ಕೆಲಸ. ತಂತಿಯ ಜೋಡಣೆ ಸಡಿಲಾದರೆ ಅಲ್ಲಿ ಬಿಸಿ ಏರುತ್ತದೆ. ಬರಿಗಣ್ಣಿಗೆ ಏನೂ ಕಾಣದು, ಕ್ಯಾಮೆರಾದಲ್ಲಿ ಹೊಳೆಯುತ್ತದೆ. ಆದರೆ ಬೆಳ್ಳಗಿದ್ದದ್ದೆಲ್ಲ ಹಾಲಲ್ಲ. ಹೊಸ ಅಲ್ಯುಮಿನಿಯಂ ಕ್ಲಾಂಪಿನ ಮೇಲೆ ಬಿಸಿಲು ಬಿದ್ದರೆ ಅದೂ ಬೆಂಕಿಯ ಹಾಗೆಯೇ ಕಾಣುತ್ತದೆ. ಅದಕ್ಕೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ನೋಡಬೇಕು. ಹೊಳಪು ನಮ್ಮ ಜೊತೆ ಜಾರಿದರೆ ಅದು ಬಿಸಿಲಿನ ಪ್ರತಿಬಿಂಬ. ಜೋಡಣೆಗೇ ಅಂಟಿಕೊಂಡಿದ್ದರೆ ನಿಜವಾದ ಬಿಸಿ. ಹೀಗೆ ಸರಿದು ನೋಡದೆ ವರದಿ ಬರೆದವನನ್ನು ನಾನು ಬೈಯದೆ ಬಿಟ್ಟವನಲ್ಲ. ಲೈನ್‌ಮನ್ ಸಿದರಾಯ "ಪಾರ್ಶ್ವಣ್ಣನ ಬಾಯಿಗೆ ಫ್ಯೂಜ್ ಇಲ್ಲ" ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ.

ತಂಗಿ ಸುಹಾಸಿನಿ ಖಾನಾಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ವಯಸ್ಸು ನಲವತ್ತೆರಡು. ಅದರಲ್ಲಿ ಹದಿನಾಲ್ಕು ವರ್ಷ ಅತಿಥಿ. ಅತಿಥಿಯನ್ನು ಯಾರೂ ಇಷ್ಟು ವರ್ಷ ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಡಾಕ್ಟರೇಟ್ ಇಲ್ಲದವರನ್ನು ಜೂನ್ ತಿಂಗಳಿಂದ ಬಿಡಿಸುವುದಾಗಿ ಕಾಲೇಜಿನವರು ಹೇಳಿದ್ದರು. ಬೇರೆ ಏನನ್ನೂ ಕೇಳದವಳು ಅವಳು. ಕಪ್ಪು ಹಲಗೆ, ಎದುರಿಗೆ ನಲವತ್ತು ಮಕ್ಕಳು, ಇಷ್ಟಿದ್ದರೆ ಅವಳಿಗೆ ಸಾಕಿತ್ತು.

ಏಪ್ರಿಲ್‌ನ ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆವು. ಅವಳ ಬಹಿರಂಗ ಮೌಖಿಕ ಪರೀಕ್ಷೆಗೆ, ಅವರ ಭಾಷೆಯಲ್ಲಿ ವೈವಾಕ್ಕೆ, ಇನ್ನು ಹನ್ನೆರಡು ದಿನವಿತ್ತು. ಸುಹಾಸಿನಿ ಲ್ಯಾಪ್‌ಟಾಪ್ ತೆರೆದು ಅವ್ವನಿಗೆ ಫೋಟೋ ತೋರಿಸುತ್ತಿದ್ದಳು.

"ಅವ್ವಾ, ಇದು ಸಾದಾ ಬೆಳಕಿನಾಗ ತಗದದ್ದು. ಈ ಕರೇ ಜಾಗಾ ಐತಲ್ಲ, ಇದಕ್ಕ ಕಪ್ಪು ನೀಹಾರಿಕೆ ಅಂತಾರ. ಇಲ್ಲಿ ಏನೂ ಇಲ್ಲ, ಆಕಾಶಕ್ಕ ತೂತು ಬಿದ್ದೈತಿ ಅಂತ ಮೊದಲ ತಿಳಕೊಂಡಿದ್ರು."

"ತೂತಲ್ಲೇನು?"

"ಧೂಳ. ದಟ್ಟ ಧೂಳ. ಹಿಂದಿನ ಬೆಳಕ ಮುಂದ ಬಿಡೂದಿಲ್ಲ. ಆದ್ರ ಅವಗೆಂಪು ಬೆಳಕ, ಕಣ್ಣಿಗೆ ಕಾಣದ್ದು, ಅದರಾಗ ಹಾದು ಬರತೈತಿ. ಅದರಾಗ ಫೋಟೋ ತಗದ್ರ ಒಳಗ ಹುಟ್ಟಾಕತ್ತಿದ್ದ ನಕ್ಷತ್ರ ಕಾಣತಾವ."

ಅವ್ವ ತಲೆಯಾಡಿಸಿದಳು. "ಕತ್ತಲಿ ಅಂದ್ರ ಏನೂ ಇಲ್ಲದ್ದಲ್ಲ. ಕತ್ತಲೀನೂ ಪುದ್ಗಲ ಅಂತ ನಮ್ಮ ಮುನಿಗಳು ಹೇಳ್ಯಾರಲ್ಲ."

ಕತ್ತಲೆಯೂ ಕಲ್ಲುಮಣ್ಣಿನ ಹಾಗೆ ಒಂದು ಜಡ ವಸ್ತು ಎಂಬುದು ನಮ್ಮ ಜೈನರ ಮನೆಗಳಲ್ಲಿ ಹಳೆಯ ಮಾತು.

"ಮುನಿಗಳ ಹಂತೇಕ ಕ್ಯಾಮೆರಾ ಇತ್ತೇನು?" ಎಂದೆ.

"ನಿನ್ನ ಹಂತೇಕ ಐತಿ, ಏನ್ ಕಂಡಿ? ಸುಟ್ಟ ತಂತಿ" ಎಂದಳು ಅವ್ವ.

ಸುಹಾಸಿನಿ ನಕ್ಕು ಮುಂದಿನ ಫೋಟೋ ತೆರೆದಳು. ಕಪ್ಪಿನ ನಡುವೆ ಒಂದು ಚುಕ್ಕೆ. ಎಂಟು ವರ್ಷದ ಹಿಂದಿನ ಫೋಟೋದಲ್ಲಿ ಅದಿಲ್ಲ, ಹೊಸದರಲ್ಲಿದೆ. ಧೂಳಿನೊಳಗಿನ ಎಳೆಯ ನಕ್ಷತ್ರವೊಂದು ಒಮ್ಮೆಲೇ ಭುಗಿಲೆದ್ದದ್ದು ಸಿಕ್ಕಿದೆ, ಇಂಥದ್ದು ಸಿಗುವುದು ಬಹಳ ಅಪರೂಪ ಎಂದಳು. ಅದೇ ಅವಳ ಪ್ರಬಂಧದ ನಾಲ್ಕನೆಯ ಅಧ್ಯಾಯ. ಅದರ ಮೇಲೆ ಲೇಖನವೂ ಪ್ರಕಟವಾಗಿತ್ತು. ಮೊದಲ ಹೆಸರು ಅವಳ ಗೈಡಿನದು, ಎರಡನೆಯದು ಇವಳದು. ಫೋಟೋ ತೆಗೆದದ್ದು ಪರದೇಶದ ದೊಡ್ಡ ದುರ್ಬೀನು. ಅಲ್ಲಿಯವರು ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲಿ ಇಡುತ್ತಾರೆ, ಇವಳು ಖಾನಾಪುರದಲ್ಲಿ ಕೂತು ಇಳಿಸಿಕೊಂಡು ನೋಡುತ್ತಾಳೆ.

"ಎಷ್ಟ ಫೋಟೋ ತಗದಾರ?" ಎಂದು ಕೇಳಿದೆ.

"ಒಂಬತ್ತು. ಮೊದಲನೇದೊಂದ ಸ್ವಚ್ಛ ಐತಿ. ಆಮ್ಯಾಲೆ ಮೋಡ ಬಂದಾವ. ಉಳದವು ಬಿಟ್ಟಬಿಡು ಅಂದ್ರು ಸರ್."

"ದುರ್ಬೀನು ಒಂದ ಕಡೆ ನಿಂತ ಒಂಬತ್ತೂ ತಗದೈತೇನು?"

"ಇಲ್ಲ. ಒಂದೊಂದಕ್ಕೂ ಒಂಚೂರ ಬಾಜೂಕ ಸರಸತಾರ."

"ಉಳದದ್ದು ತೋರಸು."

"ಮಸಕ ಅದಾವ ಅಣ್ಣಾ, ಏನ್ ನೋಡ್ತಿ ಅದರಾಗ?"

"ತೋರಸಂದ್ರ ತೋರಸು."

ಒಂದಾದ ಮೇಲೊಂದು ತೆರೆದಳು. ದುರ್ಬೀನು ಸರಿದಂತೆ ನಕ್ಷತ್ರಗಳೆಲ್ಲ ಒಟ್ಟಾಗಿ ಎಡಕ್ಕೆ ಹೋದವು, ಆಮೇಲೆ ಕೆಳಕ್ಕೆ ಹೋದವು. ಆ ಚುಕ್ಕೆ ಮಾತ್ರ ಫೋಟೋದ ಅದೇ ಜಾಗದಲ್ಲಿ ಮೊಳೆ ಹೊಡೆದಂತೆ ಕೂತಿತ್ತು. ಮೋಡಕ್ಕೆ ಉಳಿದೆಲ್ಲ ಹಿಂಜಿದ ಹತ್ತಿಯಂತಾಗಿದ್ದರೂ ಅದರ ಅಂಚು ಹಾಗೇ ಇತ್ತು. ಒಂದರಿಂದೊಂದಕ್ಕೆ ಸ್ವಲ್ಪ ಕಳೆಗುಂದುತ್ತಿತ್ತು, ಅಷ್ಟೇ.

"ಇದು ನಕ್ಷತ್ರ ಅಲ್ಲ" ಎಂದೆ. "ಕ್ಯಾಮೆರಾದ ಡಾಗ, ಬರೇ ಕಲೆ. ಆಕಾಶದಾಗಿನ ವಸ್ತು ಆಗಿದ್ರ ಉಳದ ನಕ್ಷತ್ರದ ಜೋಡಿ ಸರೀಬೇಕಿತ್ತಲ್ಲ? ಒಂಬತ್ತ ವರ್ಷ ಕಲತು ಇಷ್ಟ ಕಾಣಲಿಲ್ಲೇನ ನಿನಗ?"

ಆ ಕೊನೆಯ ಮಾತು ಬೇಕಿರಲಿಲ್ಲ. ಆದರೆ ಬಂದುಬಿಟ್ಟಿತ್ತು. ಸುಹಾಸಿನಿ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದಳು.

"ಏಳನೇತ್ತಿ ಕಲತಾಂವ ನೀ. ಟ್ರಾನ್ಸ್‌ಫಾರ್ಮರ್ ನೋಡಕೋತ ಇರು" ಎಂದು ಒಳಗೆ ಹೋದಳು. ಆ ಸಂಜೆ ಹೊತ್ತು ಮುಳುಗುವ ಮೊದಲು ಅವ್ವ ಊಟಕ್ಕೆ ಕರೆದರೂ ಬರಲಿಲ್ಲ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಉಣ್ಣುವುದಿಲ್ಲ. ಉಪವಾಸವೇ ಮಲಗಿದಳು.

ನಾಲ್ಕು ದಿನ ನನ್ನೊಡನೆ ಮಾತಿಲ್ಲ. ಐದನೆಯ ದಿನ ನಾನು ದೇಸೂರಿನ ಹತ್ತಿರದ ಸಬ್‌ಸ್ಟೇಷನ್ನಿನಲ್ಲಿದ್ದಾಗ ಅವಳೇ ಹುಡುಕಿಕೊಂಡು ಬಂದಳು. ಸಿದರಾಯ ತನ್ನ ಕುರ್ಚಿ ಬಿಟ್ಟುಕೊಟ್ಟ.

"ಬರ್ರಿ ಅಕ್ಕಾರ, ಕುಂದರ್ರಿ. ನಿಮ್ಮಣ್ಣ ಮುಂಜಾನಿಂದ ಇಬ್ಬರ ಜೋಡಿ ಜಗಳಾ ತಗದಾನ. ನೀವು ಮೂರನೇದವರು."

ಅವಳು ಕೂರಲಿಲ್ಲ. ನನ್ನನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋದಳು.

"ನೀ ಹೇಳಿದ್ದು ಖರೇ" ಎಂದಳು. "ಆ ಒಂಬತ್ತು ಫೋಟೋ ತಗಿಯೂಕಿಂತ ಮೊದಲ ಆ ದುರ್ಬೀನು ಒಂದು ಭಾಳ ಪ್ರಖರ ನಕ್ಷತ್ರ ನೋಡೇತಿ. ಅದರ ಗುರುತು ಕ್ಯಾಮೆರಾದಾಗ ಉಳದೈತಿ. ಹಂಗ ಉಳೀತೈತಿ ಅಂತ ನಾ ಪುಸ್ತಕದಾಗ ಓದೇನಿ, ಕಾಲೇಜಿನಾಗ ಹುಡುಗರಿಗೆ ಕಲಿಸೇನಿ. ನನ್ನ ಫೋಟೋದಾಗ ಕಾಣಲಿಲ್ಲ."

"ಗೈಡಿಗೆ ಹೇಳಿದ್ಯಾ?"

"ಹೇಳಿದೆ. ಪರೀಕ್ಷಕರು ಒಂದ ಫೋಟೋ ನೋಡತಾರ, ಒಂಬತ್ತು ನೋಡೂದಿಲ್ಲ, ಮೊದಲ ಡಿಗ್ರಿ ತಗೊ, ಆಮ್ಯಾಲೆ ನೋಡೂಣು ಅಂದ್ರು. ಈಗ ಅಧ್ಯಾಯ ತಗದ್ರ ಅವರ ಲೇಖನಾನೂ ಹೋಗತೈತಲ್ಲ. ಅಧ್ಯಾಯ ತಗದ ಪ್ರಬಂಧಕ್ಕ ಸಹಿ ಹಾಕೂದಿಲ್ಲ ಅಂತ ಸೀದಾ ಹೇಳಿದ್ರು."

"ಹಂಗಾದ್ರ?"

"ಹಂಗಾದ್ರ ಏನೂ ಇಲ್ಲ. ವೈವಾ ಆಗತೈತಿ. ನೀನೂ ಬರತಿ, ಬ್ಯಾಡ ಅಂದ್ರೂ ಬರತಿ. ಕೊನೀಗೆ ಅಧ್ಯಕ್ಷರು ಸಭಾದಾಗಿನ ಮಂದಿಗೆ ಏನಾರ ಕೇಳೂದೈತೇನು ಅಂತಾರ. ಅದು ರಿವಾಜ. ಯಾರೂ ಕೇಳೂದಿಲ್ಲ, ಚಪ್ಪಾಳಿ ಹೊಡೀತಾರ. ನೀ ಬಾಯಿ ತಗೀಬ್ಯಾಡ."

"ಸುಳ್ಳ ಹೇಳಿ ಡಾಕ್ಟರ್ ಆಗತಿ?"

"ಹೌದು. ಇಲ್ಲಾಂದ್ರ ಜೂನ್‌ನಾಗ ಮನ್ಯಾಗ ಕುಂದರತೇನಿ. ಅದು ಬೇಕೇನು ನಿನಗ?"

ನಾನು ಕೈಯಲ್ಲಿದ್ದ ಕ್ಯಾಮೆರಾದ ಮುಚ್ಚಳ ತೆಗೆದು ಮತ್ತೆ ಹಾಕಿದೆ.

"ನಿಯಮ ತಗೊ" ಎಂದಳು.

ನಮ್ಮಲ್ಲಿ ನಿಯಮ ಎಂದರೆ ದೇವರ ಹೆಸರಲ್ಲಿ ತನಗೆ ತಾನೇ ಹಾಕಿಕೊಳ್ಳುವ ಕಟ್ಟು. ಇಂತಿಷ್ಟು ದಿನ ಇಂಥದ್ದು ತಿನ್ನುವುದಿಲ್ಲ, ಇಂಥದ್ದು ಮಾಡುವುದಿಲ್ಲ ಎಂದು. ಈ ವಿಷಯದಲ್ಲಿ ನನ್ನ ಹೆಸರು ಕೆಟ್ಟದ್ದು. ಹಿಂದಿನ ವರ್ಷ ದಶಲಕ್ಷಣ ಪರ್ವಕ್ಕೆ ಹತ್ತು ದಿನ ಸಿಟ್ಟಾಗುವುದಿಲ್ಲ ಎಂದು ನಿಯಮ ತೆಗೆದುಕೊಂಡಿದ್ದೆ. ಮೊದಲ ದಿನವೇ ಉತ್ತಮ ಕ್ಷಮೆಯ ದಿನ. ಬಸದಿಯ ಮೆಟ್ಟಿಲು ಇಳಿಯುವುದರೊಳಗೆ ಅದು ಮುರಿದುಬಿತ್ತು. ಯಾರೋ ನನ್ನ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದ.

ಆದರೂ ಕೈಮುಗಿದು ನಿಂತೆ. ವೈವಾದ ದಿನ ಸಭೆಯಲ್ಲಿ ಒಂದು ಮಾತೂ ಆಡುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದೆ. ದೂರದಲ್ಲಿದ್ದ ಸಿದರಾಯನಿಗೆ ಕೊನೆಯ ಮಾತು ಮಾತ್ರ ಕೇಳಿಸಿತು.

"ಪಾರ್ಶ್ವಣ್ಣ ಮೌನ ಹಿಡಿತಾನಂತ? ಗಡಿಯಾರ ನೋಡಕೋರಿ ಅಕ್ಕಾರ, ಐದ ಮಿನಿಟ್ ನಡೀತೈತಿ!"

ಅವಳೂ ಸಣ್ಣಗೆ ನಕ್ಕಂತೆ ಮಾಡಿದಳು. ಆ ನಗುವನ್ನು ನಾನು ಆಗ ಸರಿಯಾಗಿ ನೋಡಲಿಲ್ಲ.

ವೈವಾ ನಡೆದದ್ದು ಬೆಳಗಾವಿಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಅವ್ವ ಮುಂದಿನ ಸಾಲಿನಲ್ಲಿ, ನಾನು ಕೊನೆಯ ಸಾಲಿನಲ್ಲಿ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ನನಗೆ ತಿಳಿದದ್ದು ಚಿತ್ರಗಳು ಮಾತ್ರ. ಧೂಳಿನ ಕಪ್ಪು ಮೋಡ ಬಂತು. ಅದರೊಳಗೆ ಅವಳು ಗುರುತಿಸಿದ ಬೇರೆ ಮೂವತ್ತು ಎಳೆಯ ನಕ್ಷತ್ರಗಳು ಬಂದವು. ಅವೆಲ್ಲ ಒಂಬತ್ತು ವರ್ಷ ಅವಳು ಒಂದೊಂದಾಗಿ ಅಳೆದವು, ನಿಜವಾದವು. ಆಮೇಲೆ ಆ ಚುಕ್ಕೆ ಬಂತು. ಅವಳು ಲೇಸರನ್ನು ಅದರ ಮೇಲೆ ಇಡದೆ ಪಕ್ಕದಲ್ಲೇ ಸುತ್ತಿಸಿದಳು. ಪುಣೆಯಿಂದ ಬಂದ ಪರೀಕ್ಷಕರು ವಯಸ್ಸಾದವರು, ಏನೋ ಎರಡು ಪ್ರಶ್ನೆ ಕೇಳಿದರು. ಚುಕ್ಕೆಯ ಚಿತ್ರವನ್ನು ಮತ್ತೆ ತೋರಿಸಲು ಹೇಳಲಿಲ್ಲ. ಗೈಡ್ ಕಾಲಮೇಲೆ ಕಾಲು ಹಾಕಿ ಕೂತಿದ್ದರು.

ಅಧ್ಯಕ್ಷರು ಸಭೆಯ ಕಡೆ ತಿರುಗಿ ಕೇಳಿದರು. ಆ ಪ್ರಶ್ನೆ ಯಾವುದೆಂದು ನನಗೆ ಗೊತ್ತಿತ್ತು.

ಸುಹಾಸಿನಿ ನನ್ನನ್ನೇ ನೋಡಿದಳು. ಬೇಡ ಅಣ್ಣ ಎನ್ನುತ್ತಿದ್ದಾಳೆ ಎಂದುಕೊಂಡೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ. ಐವತ್ತೊಂದು ವರ್ಷದಲ್ಲಿ ಅಷ್ಟು ಕಷ್ಟಪಟ್ಟು ನಾನು ಎಂದೂ ಬಾಯಿ ಹಿಡಿದಿರಲಿಲ್ಲ. ಅವಳು ನೋಡುತ್ತಲೇ ಇದ್ದಳು. ಆಮೇಲೆ ಚಪ್ಪಾಳೆ ಬಿತ್ತು. ಡಾಕ್ಟರ್ ಸುಹಾಸಿನಿ ಎಂದು ಯಾರೋ ಕೂಗಿದರು. ಅವ್ವ ಕಣ್ಣೊರೆಸಿಕೊಂಡಳು.

ಅವ್ವನನ್ನು ವಡಗಾವಿಯ ನೆಂಟರು ತಮ್ಮ ಮನೆಗೆ ಕರೆದುಕೊಂಡು ಹೋದರು. ನಾನು ಸುಹಾಸಿನಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಖಾನಾಪುರದ ಕಡೆ ಹೊರಟೆ. ದೇಸೂರು ಬರುವವರೆಗೆ ನಿಯಮ ಉಳಿಸಿದ ಖುಷಿಯಲ್ಲಿ ನಾನೇ ಏನೇನೋ ಒದರುತ್ತಿದ್ದೆ.

"ಗಾಡಿ ನಿಲ್ಲಸು" ಎಂದಳು.

ನಿಲ್ಲಿಸಿದೆ. ಇಳಿದು ನನ್ನ ಎದುರಿಗೆ ಬಂದು ನಿಂತಳು.

"ಯಾಕ ಕೇಳಲಿಲ್ಲ?"

"ಏನ?"

"ಕೊನೀಗೆ ನಲವತ್ತೊಂದನೇ ಸ್ಲೈಡ್ ಮಾಡಿ ಇಟ್ಟಿದ್ದೆ. ಒಂಬತ್ತೂ ಫೋಟೋ. ಯಾರರ ಕೇಳಿದ್ರ ತೋರಸಬೇಕು ಅಂತ. ನಾನಾಗಿ ತೋರಸಾಕ ಧೈರ್ಯ ಸಾಲಲಿಲ್ಲ. ನೀ ಕೇಳೇ ಕೇಳತಿ ಅಂತ ನಂಬಿದ್ದೆ."

ನನಗೆ ಸಿಟ್ಟು ನೆತ್ತಿಗೇರಿತು. "ನಿಯಮ ಕೊಟ್ಟಾಕಿ ನೀನ!"

"ಯಾವ ನಿಯಮ ಪಾಲಿಸಿದಿ ಅಣ್ಣಾ ನೀ? ಚಪ್ಪಲಿಗೆ ಮುರದಿ. ಬಟಾಟಿ ಭಜಿಗೆ ಮುರದಿ. ನನ್ನ ಪಾಳಿ ಬಂದಾಗ ಉಳಿಸಿದ್ಯಾ?"

"ನಿನ್ನ ಬಾಯಿ ಏನ್ ನಾ ಕಿಸೇದಾಗ ಇಟಗೊಂಡೇನೇನ? ನೀನ ಹೇಳಬೇಕಿತ್ತು!"

ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಬೈಯಲು ಸುಲಭವಾಗುತ್ತಿತ್ತು. ಒಂದು ಮರಳಿನ ಲಾರಿ ಹೋಯಿತು, ಇನ್ನೊಂದು ಹೋಯಿತು. ನನ್ನ ದನಿ ತಾನಾಗಿ ಇಳಿಯಿತು.

"ಪುಣೆಯವರು ಯಾವಾಗ ಹೊಂಡತಾರ?"

"ನಾಕಕ್ಕ. ಗೆಸ್ಟ್ ಹೌಸಿನಾಗ ಅದಾರ."

ಆಗ ಎರಡೂವರೆ. ಗಾಡಿ ತಿರುಗಿಸೋಣ ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಇದು ನಿಯಮಕ್ಕಾಗಿ ಅಲ್ಲ. ಹೋಗುವುದು ನನ್ನ ಕೆಲಸವಲ್ಲ, ಅವಳ ಕೆಲಸ. ಅವಳು ಸೆರಗು ಸರಿಮಾಡಿಕೊಂಡಳು, ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇದೆಯೇ ಎಂದು ಮುಟ್ಟಿ ನೋಡಿದಳು, ಹಿಂದೆ ಬಂದು ಕೂತಳು.

"ತಿರುಗಸು" ಎಂದಳು.

ಗೆಸ್ಟ್ ಹೌಸಿನಲ್ಲಿ ನನ್ನನ್ನು ಒಳಗೆ ಬರಗೊಡಲಿಲ್ಲ. ಬಾಗಿಲು ತೆರೆದೇ ಇತ್ತು. ಪರೀಕ್ಷಕರು ಊಟ ಮುಗಿಸಿ ಚೀಲ ಕಟ್ಟುತ್ತಿದ್ದರು. ಇವಳನ್ನು ಕಂಡು ಮರಾಠಿಯಲ್ಲಿ "ಬಸಾ, ಬಸಾ" ಎಂದು ಕುರ್ಚಿ ತೋರಿಸಿದರು. ಇವಳು ನಿಂತೇ ಲ್ಯಾಪ್‌ಟಾಪ್ ತೆರೆದಳು. ಒಂಬತ್ತು ಫೋಟೋಗಳು ಒಂದಾದ ಮೇಲೊಂದು ಹೋದದ್ದು ನನಗೆ ವರಾಂಡದಿಂದ ಕಂಡಿತು. ಅವರು ಕನ್ನಡಕ ಹಾಕಿಕೊಂಡರು. ತಾವೇ ಮೊದಲನೆಯದಕ್ಕೆ ಹಿಂದೆ ಹೋಗಿ ಮತ್ತೆ ಒಂಬತ್ತನ್ನೂ ನೋಡಿದರು. ಬೈಯಲಿಲ್ಲ. ಕನ್ನಡಕ ತೆಗೆದು ಮೆಲ್ಲಗೆ ಏನೋ ಹೇಳಿದರು. ಅವಳು ತಲೆಯಾಡಿಸಿದಳು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು.

"ವರದಿ ಇನ್ನೂ ಕೊಟ್ಟಿಲ್ಲಂತ. ತಡೀತಾರ. ಉಳದ ಮೂವತ್ತು ನಕ್ಷತ್ರ ಸಾಕು ಅಂದ್ರು. ನಾಕನೇ ಅಧ್ಯಾಯ ತಗದು ಮತ್ತ ಸಲ್ಲಿಸಬೇಕು. ಗೈಡಿನ ಸಹಿ ಬೇಕು."

"ಹಾಕತಾರೇನು?"

"ಇಲ್ಲ."

"ಜೂನ್?"

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಗೈಡಿನ ಹೆಸರು. ಪರೀಕ್ಷಕರು ಒಳಗಿನಿಂದ ಆಗಲೇ ಅವರಿಗೆ ಹೇಳಿರಬೇಕು.

"ನಾ ಹೇಳಿದೆ ಅಂತ ಹೇಳು" ಎಂದೆ. "ಅಣ್ಣ ಹುಚ್ಚ ಅದಾನ, ಅಂವನ ಹೋಗಿ ಗದ್ದಲಾ ಮಾಡ್ಯಾನ ಅನ್ನು. ನನ್ನ ಮ್ಯಾಲೆ ಹಾಕು. ನನ್ನ ಹೆಸರ ಕೆಟ್ಟದ್ದ ಐತಿ, ಇನ್ನೊಂದಿಷ್ಟ ಕೆಡಲಿ."

ಅವಳು ಫೋನ್ ಎತ್ತಿದಳು.

"ಹೌದ್ರಿ ಸರ್" ಎಂದಳು. "ಇಲ್ರಿ, ಯಾರೂ ಹೇಳಿ ಕಳಸಿಲ್ಲ. ನಾನ ತೋರಿಸಿದೆ."

ಆ ಕಡೆಯ ಬೈಗುಳ ನನ್ನವರೆಗೂ ಕೇಳುತ್ತಿತ್ತು. ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.