ಏಳನೆಯ ಕಂಬ

೧೯೫೬ರ ಸುಗ್ಗಿ ಮುಗಿದು ಊರು ಹೊಟ್ಟೆ ತುಂಬಿದ ನೆಮ್ಮದಿಯಲ್ಲಿತ್ತು. ಹನಗೋಡಿನ ಆಚೆ ಹೊಳೆಗೆ ಕಟ್ಟಿದ ಹೊಸ ಸೇತುವೆಯ ಮೇಲೆ ಕಲ್ಲುಕುಟಿಗ ಕಂಠಪ್ಪ ಉಳಿ ಹಿಡಿದು ಕೂತಿದ್ದ. ಎರಡು ವರ್ಷದ ಹಿಂದೆ ಅಲ್ಲಿ ಹರಿಗೋಲು ಮಗುಚಿದಾಗ ಏಳು ಜನ ನೀರುಪಾಲಾಗಿದ್ದರು. ಅವರ ನೆನಪಿಗೇ ಈ ಸೇತುವೆ. ಅಂಚಿನ ಕಟಾಂಜನಕ್ಕೆ ಏಳು ಕಲ್ಲುಕಂಬ, ಸತ್ತ ಒಬ್ಬೊಬ್ಬರಿಗೆ ಒಂದೊಂದು. ಕಂಬದಿಂದ ಕಂಬಕ್ಕೆ ಕಲ್ಲಿನ ತೊಲೆ. ಓದು ಬಾರದವರಿಗೂ ತಿಳಿಯಲೆಂದು ಹೆಸರಿನ ಬದಲು ಅವರವರ ಕೆಲಸದ ಗುರುತು: ನೇಗಿಲು, ಮೊರ, ತಕ್ಕಡಿ, ಹರಿಗೋಲಿನವನಿಗೆ ಹುಟ್ಟು. ಈ ನಕ್ಷೆ ಕಂಠಪ್ಪನದೇ. ಅವನಿಗೆ ಅದರ ಜಂಬವೂ ಇತ್ತು, ಇರಬೇಕಾದದ್ದೇ.

ಏಳನೆಯ ಕಂಬ ಮಾತ್ರ ಇನ್ನೂ ಬೋಳಾಗಿತ್ತು. ಅದು ಕೇರಿಯ ಮಾದೇವನದು. ಅವನು ಹರಿಗೋಲಿನಲ್ಲಿ ಇರಲೇ ಇಲ್ಲ. ದಡದ ಗದ್ದೆಯಲ್ಲಿ ಬದು ಕಡಿಯುತ್ತಿದ್ದವನು ಗುದ್ದಲಿ ಬಿಸುಟು ಹೊಳೆಗೆ ಹಾರಿದ್ದ.

"ಗುದ್ದಲಿ ಕೆತ್ತಿ ಮುಗಿಸ್ಲಾ, ಪಟೇಲ್ರೇ?"

ಪಟೇಲ ಚನ್ನಬಸವಣ್ಣ ಕೆಟ್ಟವನಲ್ಲ, ಊರಿನ ಬಾಯಿಗೆ ಹೆದರುವವನು. "ಬ್ಯಾಡ ಕಣೋ. ಅಮಾಸೆಗೆ ಜನ ಕಂಬಕ್ಕೆ ಹೂ ಮುಡಿಸ್ತಾರೆ. ಆ ಸಾಲ್ನಲ್ಲಿ ಅವನ್ದೂ ಅಂದ್ರೆ ಒಪ್ತಾರಾ? ಕಂಬ ಇರ್ಲಿ, ಗುರುತು ಬ್ಯಾಡ."

ಅಲ್ಲೇ ಕಲ್ಲಿನ ಪುಡಿ ಗುಡಿಸುತ್ತಿದ್ದ ಮಾದೇವನ ಹೆಂಡತಿ ಸಣ್ಣತಾಯಮ್ಮ ಪೊರಕೆ ನಿಲ್ಲಿಸಿದಳು. "ಅದೊಂದು ಗುರುತು ಹಾಕ್ಸಿ, ಬುದ್ಧಿ, ಇನ್ನೇನೂ ಕೇಳಾಕಿಲ್ಲ," ಎಂದಳು. ಚನ್ನಬಸವಣ್ಣ ಹೊಳೆಯ ಕಡೆ ಮುಖ ತಿರುಗಿಸಿದ.

ಮರುದಿನ ಚನ್ನಬಸವಣ್ಣನ ಕೈ ಹಿಡಿದು ಅವನ ತಾಯಿ ಪುಟ್ಟಮಲ್ಲಮ್ಮ ಸೇತುವೆ ನೋಡಲು ಬಂದಳು. ನೋಡುವುದೆಂದರೆ ಮುಟ್ಟುವುದು, ಕಣ್ಣು ಮಬ್ಬಾಗಿತ್ತು. ನೇಗಿಲನ್ನು ಸವರಿ, "ನನ್ ತಮ್ಮ," ಎಂದು ಕಣ್ಣೊರೆಸಿಕೊಂಡಳು. ಏಳನೆಯದರ ಮೇಲೆ ಕೈ ಸುಮ್ಮನೆ ಜಾರಿತು.

"ಇದ್ಯಾರ್ದಲಾ ಚನ್ನ, ಬೋಳಾಗದೆ?"

"ಮಾದೇವಂದು ಕಣವ್ವ. ಜನ ಏನಂತಾರೋ ಅಂತ..."

"ಜನ! ನನ್ನ ರಟ್ಟೆ ಹಿಡ್ದು ದಡಕ್ಕೆ ಎತ್ತಾಕ್ದೋನು ಅವನು. ನಿನ್ ಮಾವನ್ನ ತತ್ತೀನಿ ಅಂತ ತಿರ್ಗಾ ಹೋದ, ಬರ್ಲಿಲ್ಲ. ಅವತ್ತು ಅವನ ಕೈ ಬ್ಯಾಡ ಅಂದಿದ್ರೆ ನಂಗೂ ಒಂದು ಕಂಬ ನೆಡ್ತಿದ್ದೆ, ಅಲ್ವಾ?"

ಚನ್ನಬಸವಣ್ಣನಿಗೆ ನಾಚಿಕೆಯಾಯಿತು. ತಾಯಿಯನ್ನು ಮನೆಗೆ ಬಿಟ್ಟವನೇ ನೆಟ್ಟಗೆ ಕೇರಿಗೆ ನಡೆದ.

"ಮಾದೇವನ ಗುದ್ದಲಿ ಅದಾ, ತಾಯಮ್ಮ? ಕಂಠಪ್ಪಂಗೆ ನೋಡ್ಕಂಡು ಕೆತ್ತಾಕೆ ಬೇಕು."

ಸಣ್ಣತಾಯಮ್ಮನ ಮುಖ ಅರಳಿತು. ಓಡಿಹೋಗಿ ಗುದ್ದಲಿ ತಂದವಳು, ಎಂದಿನ ರೂಢಿಯಂತೆ ಅದನ್ನು ನೆಲದ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದಳು. ಕೇರಿಯಿಂದ ಊರಿಗೆ ಏನು ಹೋಗುವುದಿದ್ದರೂ ನೆಲ ಮುಟ್ಟಿಯೇ ಹೋಗಬೇಕಿತ್ತು.

ಚನ್ನಬಸವಣ್ಣ ಬಗ್ಗಲಿಲ್ಲ. ಎರಡೂ ಕೈ ಮುಂದೆ ಚಾಚಿದ.

"ನೆಲಕ್ಕಲ್ಲ ಕಣವ್ವ. ಕೈಗೆ ಕೊಡು."

ಅವಳು ಗುದ್ದಲಿ ಎತ್ತಿ ಅವನ ಕೈಗೆ ಕೊಟ್ಟಳು.