ಹಿಂದಿನ ಎಡ ಗಾಲಿ

ತೊಗರಿ ಹೊಲದ ನಟ್ಟನಡುವಿನ ದಾರಿಯಲ್ಲಿ ನನ್ನ ನಾಲ್ಕು ಗಾಲಿಯ ಬೈಕು ಎಡಕ್ಕೆ ವಾಲಿ ಕೆಸರಿನಲ್ಲಿ ಕುಸಿಯಿತು. ಬಗ್ಗಿ ನೋಡಿದರೆ ಹಿಂದಿನ ಎಡ ಗಾಲಿಯಲ್ಲಿ ಚೂರೂ ಗಾಳಿಯಿಲ್ಲ. ಹಾಕಿಸಿ ಐದು ದಿನವೂ ಆಗಿರದ ಹೊಸ ಟೈರು. ಮುಳ್ಳಿಲ್ಲ, ಮೊಳೆಯಿಲ್ಲ, ಸೀಳಿಲ್ಲ. ಆಗ ನನ್ನ ಬಾಯಿಂದ ಬಂದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ. ಅವಷ್ಟೂ ವಾಡಿಯ ಪಂಚರ್ ಅಂಗಡಿಯ ಗುಲಾಮ ದಸ್ತಗೀರನಿಗೇ ಸಲ್ಲಬೇಕು ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಆ ಬೈಕು ನೋಡುವವರಿಗೆ ಮೋಜು, ನನಗೆ ಕಾಲು. ಎಂಟು ವರ್ಷದ ಹಿಂದೆ ಶಹಾಬಾದಿನ ಕಲ್ಲುಗಣಿಯಲ್ಲಿ ಹಾಸುಗಲ್ಲೊಂದು ಜಾರಿ ಬಿದ್ದು ನನ್ನ ಎಡಗಾಲನ್ನು ಮೊಣಕಾಲಿನ ಕೆಳಗೆ ಜಜ್ಜಿಹಾಕಿತು. ಕಾಲು ಉಳಿದಿದೆ, ಕೆಲಸಕ್ಕೆ ಬಾರದು. ಸನ್ನತಿ ಕಡೆಯ ನಮ್ಮೂರಿನಿಂದ ಹೊಲಕ್ಕೆ ಎರಡು ಕಿಲೋಮೀಟರು. ಬೇಸಿಗೆಯಲ್ಲಿ ಕೋಲೂರಿಕೊಂಡು ಹೋಗಬಹುದು. ಮಳೆ ಬಿತ್ತೆಂದರೆ ಭೀಮಾ ದಂಡೆಯ ಕರಿಮಣ್ಣು ಚಪ್ಪಲಿಯನ್ನೂ ಬಿಡುವುದಿಲ್ಲ, ಕೋಲನ್ನೂ ಬಿಡುವುದಿಲ್ಲ. ಮೊದಲ ಎರಡು ಮಳೆಗಾಲ ಯಾರಾದರೂ ನನ್ನನ್ನು ಹೊತ್ತೊಯ್ದು ಬದುವಿನ ಮೇಲೆ ಕೂರಿಸುತ್ತಿದ್ದರು. ನನ್ನದೇ ಹೊಲದಲ್ಲಿ ಗೊಬ್ಬರದ ಚೀಲದ ಹಾಗೆ ಕೂತು, ಎತ್ತುವವರಿಗಾಗಿ ಕಾಯಬೇಕು. ಇನ್ನು ಯಾರ ಹೆಗಲ ಮೇಲೂ ಹೋಗುವುದಿಲ್ಲ ಎಂದು ಆಣೆ ಮಾಡಿ, ಹೈದರಾಬಾದಿನ ಹತ್ತಿರ ಬಾಗಿಲು ಮುಚ್ಚಿದ ಒಂದು ರೆಸಾರ್ಟಿನಿಂದ ಆ ಬೈಕು ತಂದೆ. ಅದಕ್ಕೆ ಗೇರಿಲ್ಲ, ಬ್ರೇಕು ಕೈಯಲ್ಲೇ ಇದೆ, ಎಡಗಾಲಿಗೆ ಯಾವ ಕೆಲಸವೂ ಇಲ್ಲ. ಆರು ವರ್ಷ ನನ್ನ ಹೊಲಕ್ಕೆ ನಾನೇ ಹೋದೆ, ನಾನೇ ಬಂದೆ.

ಈಗ ಮತ್ತೆ ಕೆಸರಿನಲ್ಲಿ ಕೂತಿದ್ದೆ. ಹಾರ್ನ್ ಕೇಳಿ ಪಕ್ಕದ ಹೊಲದ ಮಹೇಶಕುಮಾರ ಓಡಿ ಬಂದ. ಅವನ ಟ್ರ್ಯಾಕ್ಟರು ರಸ್ತೆಯಲ್ಲಿತ್ತು. ಅವನು ನನ್ನನ್ನು ಬೆನ್ನ ಮೇಲೆ ಹಾಕಿಕೊಂಡು ಅಲ್ಲಿಯವರೆಗೆ ನಡೆದ. ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳು ಕೆಲಸ ನಿಲ್ಲಿಸಿ ನೋಡಿದರು. ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ನಕ್ಕಳೋ ಮರುಗಿದಳೋ ಗೊತ್ತಿಲ್ಲ. ಎರಡೂ ನನಗೆ ಬೇಕಿರಲಿಲ್ಲ.

ಮಹೇಶಕುಮಾರ ಬರುವುದರೊಳಗೆ ನಾನು ಒಂದು ಕೆಲಸ ಮಾಡಿ ಮುಗಿಸಿದ್ದೆ. ಫೋನು ತೆಗೆದು, ಚಪ್ಪಟೆಯಾದ ಟೈರಿನ ಮುಂದೆ ಹಿಡಿದು, ಮಾತಾಡಿದ್ದೆ:

"ನೋಡ್ರಿ, ಹಾಕ್ಸಿ ಐದು ದಿನ ಆಗಿಲ್ಲ. ವಾಡಿ ದಸ್ತಗೀರ ಏರಿಸಿದ ಟೈರ್ ಇದು. ರಿಮ್ಮಿಗಿ ಬ್ರಶ್ ಸೈತ ಹಾಕಿಲ್ಲ, ನಾ ಕಣ್ಣಾರೆ ನೋಡೀನಿ. ಕುಂಟನ ಜೀವ ಅಂದ್ರ ಅವಗ ಅಷ್ಟು ಅಗ್ಗ ಆಗ್ಯದ. ಯಾರೂ ಅವನ ಅಂಗಡಿಗಿ ಹೋಗಬ್ಯಾಡ್ರಿ."

ಬ್ರಶ್ಶಿನ ಮಾತು ಸುಳ್ಳಲ್ಲ. ದಸ್ತಗೀರನ ಹೆಸರು ನಿಂತಿದ್ದೇ ಆ ಬ್ರಶ್ಶಿನ ಮೇಲೆ. ಬೇರೆ ಅಂಗಡಿಗಳಲ್ಲಿ ರಿಮ್ಮಿಗೆ ಸಾಬೂನು ನೀರು ಬಳಿದು ಟೈರು ಏರಿಸಿ ಕೈತೊಳೆದುಕೊಳ್ಳುತ್ತಾರೆ. ಅವನು ತಂತಿಯ ಬ್ರಶ್ಶಿನಿಂದ ರಿಮ್ಮಿನ ಅಂಚನ್ನು ಉಜ್ಜಿ, ಬೆರಳಿನಿಂದ ಸುತ್ತಲೂ ಸವರಿ ನೋಡದೆ ಟೈರು ಮುಟ್ಟುತ್ತಿರಲಿಲ್ಲ. ಅದಕ್ಕೇ ಚಿತ್ತಾಪುರದಿಂದಲೂ ಗಾಡಿಗಳು ಅಲ್ಲಿಗೆ ಬರುತ್ತಿದ್ದವು. ಆ ದಿನ ಮಾತ್ರ ಅವನು ಬ್ರಶ್ಶು ಕೈಗೆತ್ತಿಕೊಂಡು, ಹಾಗೇ ಕೆಳಗಿಟ್ಟ. ನಾನು ಫೋನಿನಲ್ಲಿ ಕೀಟನಾಶಕದ ಅಂಗಡಿಯವನ ಜೊತೆ ಜಗಳವಾಡುತ್ತಿದ್ದೆ. ತೊಗರಿಯ ಕಾಯಿಕೊರಕ ಹುಳಕ್ಕೆ ಹೊಡೆಯುವ ಔಷಧ ಇವತ್ತು ನಾಳೆ ಎಂದು ಸತಾಯಿಸುತ್ತಿದ್ದ. ದಸ್ತಗೀರ ನಡುವೆ ಏನೋ ಕೇಳಿದ, ನಾನು ಏನೋ ಅಂದೆ. ಅವನು ನಾಲ್ಕೂ ಟೈರು ಏರಿಸಿ ಕೊಟ್ಟ.

ಆ ವಿಡಿಯೊವನ್ನು ರೈತರ ವಾಟ್ಸಾಪ್ ಗುಂಪಿಗೆ ಹಾಕಿದೆ. ಮನೆಗೆ ಬಂದು ಕಾಲಿನ ಕೆಸರು ತೊಳೆಯುವುದರೊಳಗೆ ಫೋನು ಬಿಸಿಯಾಗಿತ್ತು. ಮೊದಮೊದಲು ಎಲ್ಲ ನನ್ನ ಪರವಾಗಿ. ಆಮೇಲೆ ಒಬ್ಬ, 'ಅವರ ಕೈಗೆ ಕೊಟ್ಟಿದ್ದೇ ತಪ್ಪು' ಎಂದು ಬರೆದ. ಇನ್ನೊಬ್ಬ, 'ಬೇಕಂತಲೇ ಮಾಡಿರುತ್ತಾರೆ' ಎಂದ. ಮತ್ತೊಬ್ಬ ಯಾವ ಯಾವ ಅಂಗಡಿಗೆ ಹೋಗಬಾರದು ಎಂದು ಹೆಸರುಗಳನ್ನೇ ಹಾಕಿದ. ನಾನು ಹೇಳಿದ್ದು ಒಬ್ಬ ಮನುಷ್ಯನ ಮಾತು. ಅವರು ಅದನ್ನು ಒಂದು ಜಾತಿಯ ಮಾತು ಮಾಡಿದರು. ನಾನು ಓದಿ ಸುಮ್ಮನಿದ್ದೆ. ಸುಮ್ಮನಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ, ಮೊದಲ ಅರ್ಧ ತಾಸು ಹಿತವೇ ಆಗಿತ್ತು.

ನನ್ನ ಹೆಂಡತಿ ಪ್ರೀತಿ ಫೋನು ಕಸಿದುಕೊಂಡು ಓದಿದಳು.

"ಏನ್ರಿ ಇದು? ಟೈರ್ ಒಯ್ದು ಅವನ ಮುಂದ ಇಟ್ಟು ಕೇಳ್ಬೇಕಿತ್ತು. ಊರಿಗೆಲ್ಲಾ ಯಾಕ ಹೇಳ್ದ್ರಿ?"

"ಅವನ ಮಾರಿ ನಾ ನೋಡಂಗಿಲ್ಲ. ಟೈರ್ ಏರ್ಸೋದು ಏನು ದೊಡ್ಡ ವಿದ್ಯಾ ಅದ? ಮನ್ಯಾಗೇ ಬಿಚ್ತೀನಿ, ಮನ್ಯಾಗೇ ಏರಿಸ್ತೀನಿ."

"ಕಾಲು ಒಂದೇ ಅದ. ಅದನ್ನಾರ ಉಳಿಸ್ಕೋರಿ," ಎಂದು ಅವಳು ಒಳಗೆ ಹೋದಳು.

ಮಹೇಶಕುಮಾರ ಗಾಲಿ ಬಿಚ್ಚಿ ತಂದು ಅಂಗಳದಲ್ಲಿಟ್ಟ. ಟೈರು ಕಳಚಲು ಎರಡು ದಿನ ಹಿಡಿಯಿತು. ಫೋನಿನಲ್ಲಿ ನೋಡಿದರೆ ಯಾರೋ ಪುಣ್ಯಾತ್ಮ ಎರಡು ಕಬ್ಬಿಣದ ಪಟ್ಟಿ ಹಾಕಿ ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ ಟೈರು ಸುಲಿಯುತ್ತಾನೆ. ನಮ್ಮ ಅಂಗಳದಲ್ಲಿ ಅದು ಕಮಕ್ ಎನ್ನಲಿಲ್ಲ. ಈ ಟೈರು ಗಿಡ್ಡ, ದಪ್ಪ. ಅದರ ಅಂಚು ರಿಮ್ಮನ್ನು ಕಚ್ಚಿದರೆ ಬಿಡುವುದಿಲ್ಲ. ಹಾರೆಯಿಂದ ಮೀಟಿದೆ. ಹಾರೆ ಜಾರಿ ಹಾಸುಗಲ್ಲಿನ ಚೂರು ಹಾರಿತು. ಕಲ್ಲಿಗೂ ಬೈದೆ. ಕಮ್ಮಾರನಿಂದ ಲಾರಿಯ ಹಳೆಯ ಕಮಾನುಪಟ್ಟಿಯ ಎರಡು ತುಂಡು ತುದಿ ಬಡಿಸಿ ತರಿಸಿ ಹಾಕಿದೆ. ಬೆರಳು ಸಿಕ್ಕಿ ಉಗುರು ಕಪ್ಪಾಯಿತು. ಕಡೆಗೆ ಮಹೇಶಕುಮಾರನ ಕಲ್ಲು ತುಂಬಿದ ಟ್ರಾಲಿಯ ಕೆಳಗೆ ಗಾಲಿಯನ್ನು ಮಲಗಿಸಿ, ಟೈರಿನ ಅಂಚಿನ ಮೇಲೆ ಜಾಕು ನಿಲ್ಲಿಸಿ, ಟ್ರಾಲಿಗೆ ಒತ್ತುಕೊಟ್ಟು ಎತ್ತಿದೆ. ಮೊದಲ ಸಲ ಜಾಕು ಸಿಡಿದು ಎಡಗಾಲಿಗೇ ಬಡಿಯಿತು. ಆ ಕಾಲಿಗೆ ಇನ್ನೇನು ಆಗಬೇಕಿತ್ತು? ಮತ್ತೆ ನಿಲ್ಲಿಸಿದೆ. ಒಂದೊಂದು ಸಲ ಜಾಕು ತಿರುವುವಾಗಲೂ ದಸ್ತಗೀರನ ಹೆಸರು ಹಿಡಿದು ಬೈದೆ. ಹದಿನೈದು ವರ್ಷದ ಪರಿಚಯ, ಗಣಿಯ ಟ್ರಕ್ಕುಗಳ ಟೈರು ಹೊತ್ತು ಅವನ ಅಂಗಡಿಗೆ ಹೋಗುತ್ತಿದ್ದ ಕಾಲದಿಂದ ಗೆಳೆತನ. ಅಂಥವನು ಹೀಗೆ ಮಾಡಿದನಲ್ಲ ಎಂದು ಇನ್ನೊಂದು ಸುತ್ತು ತಿರುವಿದೆ.

ಎರಡನೆಯ ದಿನ ಮಧ್ಯಾಹ್ನ ಅಂಚು ರಿಮ್ಮನ್ನು ಬಿಟ್ಟಿತು. ಪಟ್ಟಿ ಹಾಕಿ ಟೈರು ಕಳಚಿ ಪಕ್ಕಕ್ಕೆ ಎಸೆದೆ. ರಿಮ್ಮಿನ ತುಕ್ಕಿನ ಫೋಟೊ ತೆಗೆದು ಗುಂಪಿಗೆ ಹಾಕಬೇಕು ಎಂದು ಫೋನು ಕೈಯಲ್ಲೇ ಹಿಡಿದಿದ್ದೆ.

ತುಕ್ಕು ಇರಲಿಲ್ಲ. ನಾನೇ ಬಳಿದಿದ್ದ ಬೆಳ್ಳಿ ಬಣ್ಣ ಥಳಥಳ ಇತ್ತು. ಟೈರು ಕೂರುವ ಅಂಚಿನ ಮೇಲೆ, ಆ ಬಣ್ಣದಲ್ಲಿ ಹೂತು, ಎಂಟು ಹತ್ತು ಅಕ್ಕಿಕಾಳು ಗಟ್ಟಿಯಾಗಿ ಅಂಟಿಕೊಂಡಿದ್ದವು. ಅರಿಶಿಣ ಕುಂಕುಮ ಹಚ್ಚಿದ ಅಕ್ಕಿ. ಒಂದು ಕಾಳಿನ ಪಕ್ಕ ಕೂದಲೆಳೆಯಷ್ಟು ಸಂದು. ಗಾಳಿ ಹೋದದ್ದು ಅಲ್ಲಿಂದ.

ಮಹಾನವಮಿಯ ಖಂಡೇ ಪೂಜೆಯ ದಿನ ಬೆಳಿಗ್ಗೆ, ಹೊಸ ಟೈರು ಹಾಕಿಸುವ ಮೊದಲು, ನಾನು ನಾಲ್ಕು ರಿಮ್ಮಿಗೂ ಬಣ್ಣ ಬಳಿದು ಅಂಗಳದಲ್ಲಿ ಒಣಗಲು ಇಟ್ಟಿದ್ದೆ. ಮೂರನ್ನು ಗೋಡೆಗೆ ಒರಗಿಸಿದ್ದೆ, ಜಾಗ ಸಾಲದೆ ಒಂದನ್ನು ಮಲಗಿಸಿದ್ದೆ. ಕುಡುಗೋಲು, ಕಳೆ ತೆಗೆಯುವ ಕುರ್ಪಿ, ಸ್ಪ್ರೇ ಪಂಪಿನ ಜೊತೆ ಅವ್ವ ಅವಕ್ಕೂ ಪೂಜೆ ಮಾಡಿದ್ದಳು.

"ಅವ್ವಾ!" ಎಂದು ಕೂಗಿದ ಕೂಗಿಗೆ ಅವ್ವ ಭೀಮಮ್ಮ ಅಡಿಗೆ ಬಿಟ್ಟು ಬಂದಳು. "ಇದ್ರ ಮ್ಯಾಲ ಅಕ್ಕಿ ಹಾಕಿದ್ದಿ ಏನು?"

ಅವಳು ಬಗ್ಗಿ ನೋಡಿ ಮುಖ ಅರಳಿಸಿದಳು. "ಹೂಂ ಯಪ್ಪಾ, ಇನ್ನಾ ಹಂಗೇ ಅವ ನೋಡು! ಆ ಮೂರರ ಮ್ಯಾಲ ಒಂದು ಕಾಳ್ ಸೈತ ನಿಂದ್ರಲಿಲ್ಲ, ಜಾರಿ ಬಿದ್ವು. ಇದ್ರಾಗ ಮಾತ್ರ ನಿಂತ್ವು. ಚಲೋ ಆತು ಅಂದ್ಕೊಂಡೆ. ನೀ ಒಬ್ಬಾಂವೇ ಹೊಲಕ್ಕ ಹೋಗಾಂವ, ನಿನ್ನ ಗಾಡಿ ಕಾಯ್ಲಿ ಅಂತ ಬೇಡ್ಕೊಂಡಿದ್ದೆ."

ಅವಳಿಗೆ ಏನು ಬೈಯಲಿ? ಎರಡು ದಿನದಿಂದ ಕುದಿಯುತ್ತಿದ್ದ ಸಿಟ್ಟಿಗೆ ಹೋಗಲು ಎಲ್ಲೂ ಜಾಗವಿರಲಿಲ್ಲ. ಅದು ತಿರುಗಿ ನನ್ನ ಹತ್ತಿರವೇ ಬಂತು. ಮೊದಲು ಫೋನು ತೆಗೆದು ವಿಡಿಯೊ ಅಳಿಸಿದೆ. 'ತಪ್ಪು ನನ್ನದು, ರಿಮ್ಮಿನಲ್ಲಿ ಅಕ್ಕಿಕಾಳು ಇದ್ದವು, ದಸ್ತಗೀರನದೇನೂ ತಪ್ಪಿಲ್ಲ' ಎಂದು ಬರೆದೆ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಆ ವಿಡಿಯೊ ಅಷ್ಟರೊಳಗೆ ಬೇರೆ ಬೇರೆ ಗುಂಪುಗಳಿಗೆ ಹೋಗಿ, ಸೇಡಂನಿಂದ ಒಬ್ಬ ಅದನ್ನು ನನಗೇ ಕಳಿಸಿದ್ದ: 'ಹುಷಾರಾಗಿರಿ' ಎಂದು.

ಬ್ಲೇಡಿನಿಂದ ಕಾಳು ಕೆರೆದೆ. ಸಾಬೂನು ಹಚ್ಚಿ ಟೈರಿನ ಒಂದು ಬದಿ ಒತ್ತಿ ಕೂರಿಸಿದೆ. ಇನ್ನೊಂದು ಬದಿಗೆ ಪ್ರೀತಿ ಮೇಲೆ ನಿಂತು ತುಳಿದಳು, ನಾನು ಪಟ್ಟಿ ಹಾಕಿ ಮೀಟಿದೆ. ಸುತ್ತಲೂ ಹಗ್ಗ ಬಿಗಿದು, ಕೋಲು ಸಿಕ್ಕಿಸಿ ತಿರುವಿ, ಮಹೇಶಕುಮಾರನ ಪಂಪು ಹಚ್ಚಿದಾಗ ಅಂಚು ಟಪ್ ಟಪ್ ಎಂದು ಎರಡೂ ಕಡೆ ಕೂತಿತು. ಮರುದಿನ ಬೆಳಿಗ್ಗೆ ನೋಡಿದೆ, ಗಾಳಿ ಹಾಗೇ ಇತ್ತು. ಎರಡು ದಿನ ಮುಂಚೆ ಆಗಿದ್ದರೆ ಊರೆಲ್ಲಾ ಕರೆದು ತೋರಿಸುತ್ತಿದ್ದೆ.

ಅವತ್ತೇ ಆಟೊ ಹಿಡಿದು ವಾಡಿಗೆ ಹೋದೆ. ದಸ್ತಗೀರನ ಅಂಗಡಿಯ ಮುಂದೆ ಸದಾ ಎರಡು ಮೂರು ಗಾಡಿ ನಿಂತಿರುತ್ತಿದ್ದವು. ಆ ಹೊತ್ತು ಒಂದೂ ಇರಲಿಲ್ಲ. ಅಂಗಡಿಯ ಮುಂದಿನ ಚರಂಡಿಗೆ ಒಂದು ಹಾಸುಗಲ್ಲು ಹಾಕಿದ್ದಾನೆ, ಅದರ ಆಚೆ ಎತ್ತರದ ಮೆಟ್ಟಿಲು. ಕಲ್ಲು ದಾಟಿ, ಶಟರು ಹಿಡಿದು ಹತ್ತಿದೆ. ಅವನು ತಿರುಗುವ ಸ್ಟೂಲಿನ ಮೇಲೆ ಕೂತು, ಉಜ್ಜಿದ ರಿಮ್ಮನ್ನೇ ಮತ್ತೆ ಉಜ್ಜುತ್ತಿದ್ದ.

"ದಸ್ತಗೀರ, ತಪ್ಪಾಗ್ಯದ. ರಿಮ್ಮಿನ್ಯಾಗ ಅಕ್ಕಿಕಾಳ ಇದ್ವು."

"ಗೊತ್ತದ. ನೋಡಿದ್ದೆ."

"ನೋಡಿದ್ದಿ?" ನನ್ನ ದನಿ ಮತ್ತೆ ಏರಿತು. ಹಾಳು ಸಿಟ್ಟು, ಕ್ಷಮೆ ಕೇಳಲು ಹೋದಲ್ಲೂ ನನಗಿಂತ ಮುಂದೆ ಓಡುತ್ತದೆ. "ನೋಡಿ ಯಾಕ ಉಜ್ಜಲಿಲ್ಲ?"

ಅವನು ಬ್ರಶ್ಶು ನಿಲ್ಲಿಸಿದ. "ನಿಮಗ ಕೇಳಿದ್ದೆ. ಪೂಜಾದ್ದು ಅದ, ನೀವೇ ಒರಸ್ರಿ, ನಾ ಹೆಂಗ ಬ್ರಶ್ ಹಾಕ್ಲಿ ಅಂದೆ. ನೀವು ಫೋನಿನ್ಯಾಗ ಇದ್ರಿ. 'ನಮ್ಮವ್ವ ಪೂಜಾ ಮಾಡ್ಯಾಳ, ಅದಕ್ಕ ಕೈ ಹಚ್ಚಬ್ಯಾಡ, ಲಗೂ ಏರ್ಸು' ಅಂತ ಒದರಿದ್ರಿ. ಹೊರಗ ನಾಕು ಮಂದಿ ನಿಂತು ಕೇಳಾಕತ್ತಿದ್ರು. ಹೋದ ತಿಂಗಳು ಆ ಕಡಿ ಸಂದ್ಯಾಗ ನಮ್ಮಾಂವ ಒಬ್ಬ ಗಾಡಿ ತೊಳಿವಾಗ ಕುಂಕುಮ ಅಳಸ್ದ ಅಂತ ಅವನ ಅಂಗಿ ಹರದು ವಿಡಿಯೊ ಮಾಡಿದ್ರು. ನಾ ಬ್ರಶ್ ಇಟ್ಟುಬಿಟ್ಟೆ."

ನನಗೆ ನೆನಪಾಯಿತು. ಆ ಮಾತು ನನ್ನ ಬಾಯಿಂದ ಬಂದಿತ್ತು, ಆ ಒದರಾಟವೂ ನನ್ನದೇ. ಪೂಜೆಯ ಮೇಲಿನ ಭಕ್ತಿಯಿಂದ ಅಂದದ್ದಲ್ಲ. ಔಷಧದವನ ಮೇಲಿದ್ದ ಸಿಟ್ಟನ್ನು ಹತ್ತಿರ ಸಿಕ್ಕವನ ಮೇಲೆ ಎಸೆದಿದ್ದೆ, ಎಸೆದು ಮರೆತಿದ್ದೆ. ಅವನು ಮರೆಯುವಂತಿರಲಿಲ್ಲ. ಹದಿನೈದು ವರ್ಷ 'ಏ ಅಣವೀರ್ಯಾ' ಎಂದು ಕರೆದವನು ಈಗ ನನ್ನನ್ನು 'ನೀವು' ಎನ್ನುತ್ತಿದ್ದ.

"ಅಳಸೀನಿ ಆ ವಿಡಿಯೊ. ತಪ್ಪು ನಂದು ಅಂತ ಬರದೀನಿ."

"ಬರದಿರಬೇಕು. ಅದು ನನ್ನ ತನಕ ಬಂದಿಲ್ಲ. ಮೊದಲಿಂದು ಬಂದದ, ನಲವತ್ತು ಸಲ." ಅವನು ರಿಮ್ಮಿನ ಅಂಚನ್ನು ಬೆರಳಿನಿಂದ ಸವರಿದ. "ಮನ್ಯಾಗೇ ಏರ್ಸಿದ್ರಿ ಏನು?"

"ಹೂಂ."

"ಹವಾ ನಿಂತದ?"

"ನಿಂತದ."

"ಚಲೋ ಆತು. ಇನ್ನ ಮ್ಯಾಲ ಮನ್ಯಾಗೇ ಏರಿಸ್ಕೋರಿ. ಇಲ್ಲಿಗಿ ಬರಬ್ಯಾಡ್ರಿ."

ಅವನು ಬ್ರಶ್ಶು ಆಡಿಸತೊಡಗಿದ. ನಾನು ತಿರುಗಿ ಮೆಟ್ಟಿಲಿನ ಹತ್ತಿರ ಬಂದೆ.

ಗಣಿಯಲ್ಲಿ ಕಾಲು ಹೋದ ಮೇಲೆ ಎಷ್ಟು ಸಲ ಆ ಮೆಟ್ಟಿಲು ಇಳಿದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ದಸ್ತಗೀರ ಮಾತಾಡುತ್ತಲೇ, ಬೀಡಿ ಹಚ್ಚುತ್ತಲೇ, ಗಿರಾಕಿಗೆ ಬೈಯುತ್ತಲೇ ಬಂದು ನನ್ನ ಎಡ ತೋಳಿನ ಕೆಳಗೆ ಹೆಗಲು ಕೊಡುತ್ತಿದ್ದ. ಚರಂಡಿ ದಾಟಿಸಿ ವಾಪಸು ಹೋಗುತ್ತಿದ್ದ. ಅದು ನೆರವು ಎಂದು ಒಂದು ದಿನವೂ ನನಗೆ ಅನ್ನಿಸಿರಲಿಲ್ಲ. ಯಾರ ಹೆಗಲೂ ಬೇಡ ಎಂದು ಆಣೆ ಮಾಡಿದಾಗಲೂ ಆ ಹೆಗಲು ಲೆಕ್ಕಕ್ಕೆ ಬಂದಿರಲಿಲ್ಲ.

ಶಟರು ಹಿಡಿದು ನಿಂತೆ. ಹಿಂದೆ ಬ್ರಶ್ಶಿನ ಸದ್ದು ಒಂದು ಗಳಿಗೆ ನಿಂತಿತು. ಅವನು ನನ್ನ ಬೆನ್ನನ್ನೇ ನೋಡುತ್ತಿದ್ದಾನೆ ಎಂದು ಗೊತ್ತಾಯಿತು. ಆಮೇಲೆ ಸದ್ದು ಮತ್ತೆ ಶುರುವಾಯಿತು. ನಾನು ಕೋಲನ್ನು ಕಲ್ಲಿನ ಮೇಲೆ ಊರಿ, ಮೆಟ್ಟಿಲಿನ ಮೇಲೆ ಕೂತು, ಜರುಗುತ್ತಾ ಒಬ್ಬನೇ ಇಳಿದೆ.